ಲಕ್ಕಮ್ಮ ಬಡವಿ ಏನು?

"ಆಕಿ ಬಡವಿ ಏನೋ ತಮ್ಮಾ?" ದೊಡ್ಡವ್ವನ ಈ ಮಾತು ಸೋಮವಾರದಿಂದ ನನ್ನ ತಲೆಯಲ್ಲೇ ಕೂತುಬಿಟ್ಟಿದೆ.

ಕೇಳಿದ್ದು ನಮ್ಮ ಕಾಕಾನ ಮಗನಿಗೆ. ವಿಜಯಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಒಳ್ಳೆಯ ಹುಡುಗ, ಮೈಮುರಿದು ದುಡಿಯುತ್ತಾನೆ, ಆದರೆ ಯಾರು ಏನು ಹೇಳಿದರೂ ನಂಬುತ್ತಾನೆ. ಈಗ ಹಣವನ್ನು ಮನಸ್ಸಿನಿಂದಲೇ ಸೆಳೆಯುವುದನ್ನು ಕಲಿಸುವ ಕ್ಲಾಸಿಗೆ ಸೇರಿದ್ದಾನೆ. ದಿನಾ ಬೆಳಗ್ಗೆ "ನನ್ನ ಹತ್ತಿರ ಕೋಟಿ ಇದೆ" ಅಂತ ಬರೆಯಬೇಕಂತೆ. ಅಲ್ಲಿ ಶರಣೆ ಆಯ್ದಕ್ಕಿ ಲಕ್ಕಮ್ಮನ ವಚನವನ್ನೂ ಹೇಳಿಕೊಟ್ಟಿದ್ದಾರೆ. "ಎತ್ತ ನೋಡಿದಡತ್ತ ಲಕ್ಷ್ಮಿ ತಾನಾಗಿಪ್ಪಳು." ಇಷ್ಟೇ. ಅದರ ಹಿಂದಿರುವ "ಚಿತ್ತ ಶುದ್ಧದಲ್ಲಿ ಕಾಯಕವ ಮಾಡುವಲ್ಲಿ" ಅನ್ನೋದನ್ನು ಕತ್ತರಿಸಿಬಿಟ್ಟಿದ್ದಾರೆ. ನನಗೆ ಹೊಟ್ಟೆ ಉರಿದದ್ದು ಅದಕ್ಕೇ.

ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾ, ತಲೆ ಎತ್ತದೆ ಕೇಳಿದಳು. "ಗಂಡ ಜಾಸ್ತಿ ಅಕ್ಕಿ ತಂದ್ರ, ಒಯ್ದು ಅಲ್ಲೇ ಸುರುವಿ ಬಾ ಅಂದ್ಲಲ್ಲ, ಆಕಿ ಬಡವಿ ಏನೋ ತಮ್ಮಾ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾದ್ರ ಬ್ಯಾಂಕಿನ ಕಂತು ಯಾರು ಕಟ್ಟತಾರ ದೊಡ್ಡವ್ವ?" ಅಂದ.

ಅವನ ಪ್ರಶ್ನೆಯೂ ಸುಳ್ಳಲ್ಲ. ಆದರೆ ಲಕ್ಕಮ್ಮ ದುಡಿಯಬೇಡ ಅಂದಿಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಅವಳೂ ಗಂಡ ಮಾರಯ್ಯನೂ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು, ಅದರಲ್ಲೇ ಜಂಗಮರಿಗೆ ಉಣ್ಣಿಸುತ್ತಿದ್ದರು. ಒಂದು ದಿನ ಮಾರಯ್ಯ ಹೆಚ್ಚು ತಂದಾಗ "ಈಸಕ್ಕಿಯಾಸೆ ನಿಮಗೇಕೆ?" ಅಂತ ಕೇಳಿದ್ದೂ ಅವಳೇ. ಇವತ್ತಿಗೆ ಎಷ್ಟು ಬೇಕು ಅನ್ನೋದು ಅವಳಿಗೆ ಒಳಗೇ ಗೊತ್ತಿತ್ತು. ಆ ಅರಿವು ಇದ್ದದ್ದಕ್ಕೇ ಅವಳ ಮನೆಯಲ್ಲಿ ಕೊಡೋದಕ್ಕೂ ಉಳಿಯುತ್ತಿತ್ತು. ಕೋಟಿ ಅಂತ ಬರೆಯುವವನಿಗೆ ದಿನಾ ಬೆಳಗ್ಗೆ ನೆನಪಾಗೋದು ತನ್ನಲ್ಲಿ ಏನಿಲ್ಲ ಅನ್ನೋದೇ, ಅಲ್ವಾ?

ಇನ್ನೊಂದು ಮಾತು. ಈ ವಚನವನ್ನು ಕೂಲಿಯವರಿಗೆ ಹೇಳಿ ಪಗಾರ ಹಿಡಿದುಕೊಳ್ಳುವ ಸಾಹುಕಾರರೂ ಇದ್ದಾರೆ. ಅವರನ್ನು ಕಂಡರೆ ನನಗೆ ಇನ್ನೂ ಸಿಟ್ಟು. ಸಾಕು ಅಂದದ್ದು ಲಕ್ಕಮ್ಮ, ತನ್ನ ಮನೆಯ ಬಗ್ಗೆ, ತಾನಾಗಿ. ಇನ್ನೊಬ್ಬರ ತಾಟಿಗೆ ಸಾಕು ಅನ್ನೋ ಹಕ್ಕು ಯಾರಿಗೂ ಇಲ್ಲ.

ನಮ್ಮ ವಿಜಯಪುರದಲ್ಲೇ ಫ.ಗು. ಹಳಕಟ್ಟಿಯವರು ಇದ್ದರು. ವಕೀಲರು. ಮನೆಮನೆ ತಿರುಗಿ ವಚನದ ತಾಳೆಗರಿ ಕೂಡಿಹಾಕಿದರು, ಅವನ್ನು ಅಚ್ಚು ಹಾಕಲು 1925ರಲ್ಲಿ ಹಿತಚಿಂತಕ ಮುದ್ರಣಾಲಯ ಶುರು ಮಾಡಿದರು, ಅದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಲಕ್ಕಮ್ಮನ ಮಾತು ಇವತ್ತು ನಮ್ಮ ಬಾಯಲ್ಲಿ ಇರೋದು ಅಂಥವರ ದೆಸೆಯಿಂದ. ಅದನ್ನು ಈ ಕ್ಲಾಸಿನವರು ಅರ್ಧ ಕತ್ತರಿಸಿ ಫೀ ತಗೊಂಡು ಮಾರುತ್ತಾರೆ.

ಕಾಕಾನ ಮಗ ಮುಂದಿನ ಭಾನುವಾರ ಎರಡನೇ ಹಂತದ ಕ್ಲಾಸಿಗೆ ಹೋಗುತ್ತಾನಂತೆ. ಹೋಗಬೇಡ ಅಂದರೆ ಕೇಳುವವನಲ್ಲ. ಫೀಗೆ ಸಾಲ ಮಾತ್ರ ಮಾಡಬೇಡಪ್ಪಾ ಅಂತ ಕೈ ಹಿಡಿದು ಹೇಳಿದ್ದೇನೆ, ಪೂರ್ತಿ ವಚನವನ್ನೂ ಅವನ ಮೊಬೈಲಿಗೆ ಕಳಿಸಿದ್ದೇನೆ.