ಮುರುಗಲು ಬಣ್ಣದ ಎಣ್ಣೆ

ಕುಮಟೆಯಿಂದ ವಾಪಸ್ ಬರುವಾಗ ದೇವಿಮನೆ ಘಟ್ಟದಲ್ಲಿ ಕಾರು ಬಿಕ್ಕಳಿಸಿತು. ಎರಡರಿಂದ ಮೂರನೇ ಗೇರಿಗೆ ಹೋಗುವ ಜಾಗದಲ್ಲಿ ಒಂದು ಜಗ್ಗು, ಅಷ್ಟೇ. ಪಕ್ಕದಲ್ಲಿ ಕೂತಿದ್ದ ಆಯಿಗೆ ಗೊತ್ತೇ ಆಗಲಿಲ್ಲ. ನನಗೆ ಮಾತ್ರ ಮನೆ ಮುಟ್ಟುವವರೆಗೂ ಅದೇ ಧ್ಯಾನ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ 'ಡಿ'ಗೆ, ಅಂದರೆ ಮುಂದಕ್ಕೆ ಓಡುವ ಗೇರಿಗೆ, ಹಾಕಿದರೆ ಒಂದೆರಡು ಕ್ಷಣ ಏನೂ ಆಗದೆ, ಆಮೇಲೆ ದಡಕ್ ಅಂತ ಹಿಡಿಯುತ್ತಿದ್ದುದು ಆಗ ನೆನಪಾಯಿತು. ಎರಡು ತಿಂಗಳಿಂದ ಹಾಗೇ ಇತ್ತು. ನಾನೇ ಸುಮ್ನೆ ಬಿಟ್ಟಿದ್ದೆ.

ನನ್ನದು 2012ರ ಪೆಟ್ರೋಲ್ ಗಾಡಿ, ಸೆಕೆಂಡ್ ಹ್ಯಾಂಡ್. ಎಡ ಮಂಡಿ ಆಪರೇಷನ್ ಆದ ಮೇಲೆ ಕ್ಲಚ್ ತುಳಿಯೋದು ಬೇಡ ಅಂತ ಆಟೋಮ್ಯಾಟಿಕ್ ತಗೊಂಡಿದ್ದು. ನಾಲ್ಕು ಗೇರಿನ, ಹಳೇ ಪದ್ಧತಿಯ ಟಾರ್ಕ್ ಕನ್ವರ್ಟರ್. 88 ಸಾವಿರ ಕಿಲೋಮೀಟರ್ ಓಡಿದೆ. ಗೇರ್‌ಬಾಕ್ಸಿನ ಎಣ್ಣೆ ಯಾವಾಗ ಬದಲಾಗಿತ್ತು ಅಂತ ಹಿಂದಿನ ಮಾಲೀಕರನ್ನು ಕೇಳಿದೆ. "ಅದನ್ನೂ ಬದಲು ಮಾಡ್ತಾರಾ?" ಅಂದರು. ಒಂದು ಗ್ಯಾರೇಜಿನಲ್ಲಿ "ಅದು ಲೈಫ್‌ಟೈಮ್ ಎಣ್ಣೆ ಸರ್, ಮುಟ್ಟಬೇಡಿ" ಅಂದರು. ಯಾರ ಲೈಫು? ಎಣ್ಣೆಯದ್ದೋ, ಗೇರ್‌ಬಾಕ್ಸಿನದ್ದೋ, ನನ್ನದೋ?

ಈ ಎಣ್ಣೆಗೆ ಎಂಜಿನ್ ಆಯಿಲಿನ ಹಾಗೆ ಬರೀ ಸವಕಳಿ ತಡೆಯುವ ಕೆಲಸ ಅಲ್ಲ. ಕನ್ವರ್ಟರಿನೊಳಗೆ ಎಂಜಿನ್ನಿನ ತಿರುಗುವ ಬಲವನ್ನು ಗೇರಿಗೆ ದಾಟಿಸುವುದು ಇದೇ ಎಣ್ಣೆ. ಒತ್ತಡ ಕೊಟ್ಟು ಒಳಗಿನ ಕ್ಲಚ್ ಪ್ಲೇಟುಗಳನ್ನು ಅಮುಕಿ ಗೇರು ಬದಲಿಸುವುದೂ ಇದೇ. ಬಿಸಿ ಹೊತ್ತು ಹೊರಗೆ ಹಾಕುವುದೂ ಇದೇ. ಘಟ್ಟ ಹತ್ತುವಾಗ ನಿಧಾನಕ್ಕೆ ಹೋಗುತ್ತಾ ಜಾಸ್ತಿ ಎಳೆಯಬೇಕು. ಆಗ ಕನ್ವರ್ಟರಿನೊಳಗೆ ಜಾರುವುದು ಜಾಸ್ತಿ, ಜಾರಿದಷ್ಟೂ ಬಿಸಿ ಜಾಸ್ತಿ. ವಾರಕ್ಕೊಮ್ಮೆ ಘಟ್ಟ ಇಳಿದು ಹತ್ತುವ ನಮ್ಮ ಕಡೆ ಗಾಡಿಗೂ, ಬಯಲಿನಲ್ಲಿ ಸಪಾಟಾಗಿ ಓಡುವ ಗಾಡಿಗೂ ಒಂದೇ ಲೆಕ್ಕ ಹೇಗಾಗುತ್ತೆ?

ಮೇ ತಿಂಗಳು. ಚಾಲಿ ಅಡಿಕೆ ಸುಲಿದು ಮುಗಿದಿತ್ತು, ಅಂಗಳ ಖಾಲಿ. ಮಳೆಗೆ ಇನ್ನೂ ಟೈಮಿತ್ತು. ಹುಬ್ಬಳ್ಳಿಯಿಂದ ಎಂಟು ಲೀಟರ್ ಎಣ್ಣೆ, ಫಿಲ್ಟರು, ಹೊಸ ವಾಷರು, ಗೇರ್‌ಬಾಕ್ಸಿನ ತಳದ ತಟ್ಟೆಗೆ, ಅಂದರೆ ಪ್ಯಾನಿಗೆ, ಎಣ್ಣೆ ಸೋರದ ಹಾಗೆ ಹಚ್ಚುವ ಸೀಲಂಟ್ ಮತ್ತು ಒಂದು ಜೊತೆ ಜ್ಯಾಕ್ ಸ್ಟ್ಯಾಂಡ್ ತಂದೆ. ನನ್ನ ಗಾಡಿಯ ಕೈಪಿಡಿಯಲ್ಲಿ ಎಸ್‌ಪಿ-3 ಅನ್ನುವ ಜಾತಿಯ ಎಣ್ಣೆ ಅಂತ ಇದೆ, ಅದನ್ನೇ ತಂದೆ. ಎಲ್ಲಾ ಕೆಂಪೆಣ್ಣೆಯೂ ಒಂದೇ ಅಲ್ಲ. ಪ್ಲೇಟು ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು ಅನ್ನುವುದು ಆ ಎಣ್ಣೆಗೆ ಬೆರೆಸಿದ ಮದ್ದಿನ ಮೇಲೆ ನಿಂತಿದೆ. ನಿಮ್ಮದು ಸಿವಿಟಿ, ಅಂದರೆ ಗೇರಿನ ಮೆಟ್ಟಿಲುಗಳೇ ಇಲ್ಲದ ಆಟೋಮ್ಯಾಟಿಕ್, ಆಗಿದ್ದರೆ ಅದರ ಎಣ್ಣೆ ಪೂರ್ತಿ ಬೇರೆ. ಎಎಂಟಿ ಆಗಿದ್ದರೆ ಅದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರು ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ನಾನು ಇಲ್ಲಿ ಬರೆದದ್ದು ಅದಕ್ಕೆ ತಾಗುವುದಿಲ್ಲ.

ಸ್ಟ್ಯಾಂಡ್ ನೋಡಿದ ಭಾವ ನಕ್ಕ. "ಇದಕ್ಕೆಲ್ಲ ದುಡ್ಡು ಹಾಕಿದ್ಯಾ ಭಾವ? ನಾಲ್ಕು ಚಿರೇಕಲ್ಲು ಇಟ್ಟಿದ್ದರೆ ಆಗಿತ್ತಲ್ಲ." ಚಿರೇಕಲ್ಲು ಗೋಡೆಗೆ ಸರಿ. ಒಂದೇ ಜಾಗದಲ್ಲಿ ಭಾರ ಬಿದ್ದರೆ ಹೇಳದೆ ಕೇಳದೆ ಒಡೆಯುತ್ತೆ. ಅಡಿಯಲ್ಲಿ ಮಲಗುವವನು ನಾನು, ಭಾವ ಅಲ್ಲ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೂ ಹೋಗಬಾರದು. ಹಿಂದಿನ ಗಾಲಿಗೆ ಮರದ ಅಡೆ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಸ್ಟ್ಯಾಂಡಿನ ಮೇಲೆ ಕೂರಿಸಿ, ಗಾಡಿಯನ್ನು ನಾಲ್ಕು ಸಲ ಅಲ್ಲಾಡಿಸಿ ನೋಡಿದ ಮೇಲೇ ಕೆಳಗೆ ನುಗ್ಗಿದೆ.

ಅದಕ್ಕೂ ಮೊದಲು ಹತ್ತು ನಿಮಿಷ ಓಡಿಸಿ ಬಂದಿದ್ದೆ. ಎಣ್ಣೆ ಉಗುರು ಬೆಚ್ಚಗಿದ್ದರೆ ಚೆನ್ನಾಗಿ ಇಳಿಯುತ್ತೆ. ಡ್ರೇನ್ ಬೋಲ್ಟ್ ಬಿಚ್ಚಿದಾಗ ಬಂದ ಬಣ್ಣ ನೋಡಿ ಭಾವನೂ ನಗು ನಿಲ್ಲಿಸಿದ. ಹೊಸದು ಮುರುಗಲು ಪಾನಕದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಇದು ಅಪ್ಪಟ ಜೋನಿ ಬೆಲ್ಲ. ಮೂಸಿ ನೋಡಿದೆ, ಸ್ವಲ್ಪ ಕಮಟು. ಸುಟ್ಟ ವಾಸನೆ ಅನ್ನುವಷ್ಟಿಲ್ಲ. ಹಾಲು ಬೆರೆಸಿದ ಹಾಗೆ ಗುಲಾಬಿ ಬಣ್ಣ ಬಂದಿದ್ದರೆ ರೇಡಿಯೇಟರಿನ ನೀರು ಸೇರಿದೆ ಅಂತ ಅರ್ಥ. ಆಗ ಅಲ್ಲೇ ಕೈಬಿಟ್ಟು ಬಲ್ಲವರ ಹತ್ತಿರ ಎಳೆಸಿಕೊಂಡು ಹೋಗಬೇಕು.

ಬಂದ ಎಣ್ಣೆಯನ್ನು ಚೆಲ್ಲದೆ ಅಳೆದಿಟ್ಟುಕೊಳ್ಳಬೇಕು. ಇಡೀ ಕೆಲಸದಲ್ಲಿ ನನಗೆ ಉಪಯೋಗಕ್ಕೆ ಬಂದ ಬುದ್ಧಿ ಇದೊಂದೇ. ಕಡೆಗೆ ಪ್ಯಾನು, ಫಿಲ್ಟರಿನದ್ದೂ ಸೇರಿ ಮೂರು ಮುಕ್ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ ಬಂತು. ಗೇರ್‌ಬಾಕ್ಸು ಒಟ್ಟು ಹಿಡಿಯುವುದು ಏಳು ಲೀಟರಿನ ಹತ್ತಿರ. ಉಳಿದದ್ದು ಕನ್ವರ್ಟರಿನ ಹೊಟ್ಟೆಯಲ್ಲೇ ಇರುತ್ತೆ, ಬೋಲ್ಟ್ ಬಿಚ್ಚಿದರೆ ಬರುವುದಿಲ್ಲ. ಅದಕ್ಕೇ ಎಂಟು ಲೀಟರ್ ತಂದಿದ್ದು. ಈಗೊಮ್ಮೆ, ಸ್ವಲ್ಪ ಓಡಿಸಿ ಇನ್ನೊಮ್ಮೆ. ಮೊದಲ ಸಲ ಹೆಚ್ಚುಕಮ್ಮಿ ಅರ್ಧ ಹೊಸದಾಗುತ್ತೆ, ಎರಡನೇ ಸಲ ಮುಕ್ಕಾಲು.

ಪ್ಯಾನ್ ಬಿಚ್ಚುವಾಗ ಎಲ್ಲಾ ಬೋಲ್ಟನ್ನೂ ಒಮ್ಮೆಗೇ ತೆಗೆಯಬಾರದು ಅಂತ ಗೊತ್ತಿತ್ತು. ಒಂದು ಮೂಲೆಯಲ್ಲಿ ಎರಡು ಬಿಟ್ಟು, ಉಳಿದದ್ದು ತೆಗೆದು, ಪ್ಯಾನನ್ನು ನಿಧಾನಕ್ಕೆ ವಾಲಿಸಿದೆ. ತಳದಲ್ಲಿ ಉಳಿದಿದ್ದ ಎಣ್ಣೆ ಹದವಾಗಿ ಬಾಲ್ದಿಗೆ ಇಳಿಯಿತು. ಭೇಷ್ ಅಂದುಕೊಂಡೆ. ಫಿಲ್ಟರಿನ ಹೊಟ್ಟೆಯಲ್ಲೂ ಎಣ್ಣೆ ಇರುತ್ತೆ ಅನ್ನುವುದು ತಲೆಗೆ ಬರಲಿಲ್ಲ. ಎಳೆದ ಕೂಡಲೇ ಭುಜ, ಕಿವಿ, ಬನಿಯನ್ ಎಲ್ಲಾ ಜೋನಿ ಬೆಲ್ಲ. ಒಳಗಿಂದ ಆಯಿ, "ತಮಾ, ಊಟಕ್ಕೆ ಬತ್ಯನಾ?" ಅಂತ ಕೂಗಿದಳು. ಎಲ್ಲಿಗೆ ಬರುವುದು.

ಪ್ಯಾನಿನೊಳಗಿನ ಅಯಸ್ಕಾಂತಗಳ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಕೂತಿತ್ತು, ವಿಭೂತಿ ಕಲಸಿ ಮೆತ್ತಿದ ಹಾಗೆ. ಬೆರಳಲ್ಲಿ ತಿಕ್ಕಿ ನೋಡಿದೆ. ಚೂರು ಏನೂ ಸಿಗಲಿಲ್ಲ. ಅಷ್ಟು ಸವಕಳಿ ಸಹಜ. ಲೋಹದ ಚಕ್ಕೆ ಸಿಕ್ಕಿದ್ದರೆ ಒಳಗೆ ಏನೋ ಮುರಿದಿದೆ ಅಂತ. ಅಯಸ್ಕಾಂತ ಒರೆಸಿ ಇದ್ದಲ್ಲೇ ಇಟ್ಟೆ.

ಹೊಸ ಫಿಲ್ಟರು ಮಾತ್ರ ಕೂರಲೇ ಇಲ್ಲ. ಒತ್ತಿದರೂ ಅಷ್ಟೇ, ತಿರುಗಿಸಿದರೂ ಅಷ್ಟೇ. ಅರ್ಧ ಗಂಟೆ ಅಂಗಡಿಯವನು ತಪ್ಪು ಫಿಲ್ಟರ್ ಕೊಟ್ಟ ಅಂತ ಬೈದುಕೊಂಡೆ. ಕೊನೆಗೆ ಟಾರ್ಚ್ ಬಿಟ್ಟು ನೋಡಿದರೆ ಹಳೇ ಫಿಲ್ಟರಿನ ರಬ್ಬರ್ ರಿಂಗು ಮೇಲಿನ ತೂತಿನಲ್ಲೇ ಅಂಟಿಕೊಂಡಿತ್ತು! ಜೋರು ಮಾಡಿ ಒತ್ತಿದ್ದರೆ ಎರಡು ರಿಂಗಿನ ಮೇಲೆ ವಾರೆಯಾಗಿ ಕೂತು, ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತಿತ್ತು. ಆ ರಿಂಗನ್ನು ಭಾವನೇ ಗೀರು ಬೀಳದ ಹಾಗೆ ಬಿದಿರುಕಡ್ಡಿಯಲ್ಲಿ ಎಬ್ಬಿಸಿದ. ಆಮೇಲೆ ಫಿಲ್ಟರು ಟಕ್ ಅಂತ ಕೂತಿತು. ಅಂಗಡಿಯವನ ಕ್ಷಮೆ ಮನಸ್ಸಿನಲ್ಲೇ ಕೇಳಿದೆ.

ಹಳೇ ಸೀಲಂಟ್ ಕೆರೆಯಲು ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕಾಯಿತು. ಅಲ್ಯುಮಿನಿಯಂ ಮೈಗೆ ಚಾಕು ತಾಗಿಸಬೇಡಿ. ಬೋಲ್ಟುಗಳು ಸಣ್ಣವು, ಹತ್ತರ ಪಾನಾದ್ದು. ಇಲ್ಲಿ ತೋಳಿನ ಶಕ್ತಿ ತೋರಿಸಿದರೆ ಥ್ರೆಡ್ ಕಿತ್ತು ಬರುತ್ತೆ. ಪಾನಾದ ಕುತ್ತಿಗೆ ಹಿಡಿದು, ಎದುರುಬದುರು ಬೋಲ್ಟುಗಳನ್ನು ಎರಡು ಸುತ್ತಿನಲ್ಲಿ ಬಿಗಿ ಮಾಡಿದೆ. ಸೀಲಂಟ್ ಒಣಗಲಿ ಅಂತ ಒಂದು ರಾತ್ರಿ ಹಾಗೇ ಬಿಟ್ಟೆ.

ಮರುದಿನ, ಹೊರಗೆ ಬಂದಿದ್ದಷ್ಟೇ ಹೊಸ ಎಣ್ಣೆಯನ್ನು ಅಳತೆ ಕಡ್ಡಿ ಇರುವ ಡಿಪ್‌ಸ್ಟಿಕ್ ನಳಿಗೆಯಿಂದಲೇ ಉದ್ದ ಲಾಳಿಕೆ ಇಟ್ಟು ಹೊಯ್ದೆ. ಗಾಡಿ ಕೆಳಗಿಳಿಸಿ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಕೊಂಡು ಗೇರು ಹಿಡಿಕೆಯನ್ನು ಪಿ, ಆರ್, ಎನ್, ಡಿ ಎಲ್ಲದರಲ್ಲೂ ಎರಡೆರಡು ಕ್ಷಣ ನಿಲ್ಲಿಸಿದೆ. ಸಿದ್ದಾಪುರ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಕೈಪಿಡಿಯಲ್ಲಿ ಇದ್ದ ಹಾಗೆ ಎಂಜಿನ್ ಚಾಲೂ ಇಟ್ಟೇ ಅಳತೆ ನೋಡಿದೆ. ನಮ್ಮ ಅಂಗಳ ಮಳೆನೀರು ಹರಿಯಲಿ ಅಂತ ಒಂದು ಕಡೆ ಇಳಿಜಾರಿದೆ. ಅದಕ್ಕೆ ಗಾರೆಯವರು ಮಟ್ಟ ನೋಡುವ ನೀರಿನ ಪೈಪು ಹಿಡಿದು ಸಮ ಜಾಗ ಹುಡುಕಿ ನಿಲ್ಲಿಸಿದ್ದೆ. ಕಡ್ಡಿ ಒರೆಸಲು ಭಾವ ಹಳೇ ಪಂಚೆಯ ಚೂರು ಕೊಟ್ಟ. ಬೇಡ ಅಂದೆ, ಎಳೆ ಬಿಡುತ್ತೆ.

ಗೆರೆಗಿಂತ ಒಂದು ಬೆರಳು ಮೇಲಿತ್ತು. ಜಾಸ್ತಿಯಾದರೆ ಒಳಗಿನ ಗೇರು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತೆ, ನೊರೆಗೆ ಒತ್ತಡ ಕೊಡಲು ಬರುವುದಿಲ್ಲ. ದನಕ್ಕೆ ಔಷಧಿ ಕುಡಿಸುವ ದೊಡ್ಡ ಸಿರಿಂಜಿಗೆ ತೆಳ್ಳನೆ ಪೈಪು ಸಿಕ್ಕಿಸಿ, ಅದೇ ನಳಿಗೆಯಿಂದ ಹೀರಿ ತೆಗೆದೆ. ಈಗ ಆ ಸಿರಿಂಜು ಕಾರಿನದ್ದು. ದನಕ್ಕೆ ಬೇರೆ ತಂದೆ.

ಹಳೇ ಎಣ್ಣೆಯನ್ನು ಗೆದ್ದಲಿಗೆ ಕೊಟ್ಟಿಗೆಯ ಕಂಬಕ್ಕೆ ಬಳಿಯೋಣ ಅಂತ ಭಾವನ ಸಲಹೆ. ನಮ್ಮಲ್ಲಿ ಎಲ್ಲರೂ ಮಾಡುವುದು ಅದನ್ನೇ. ಕೊಟ್ಟಿಗೆಯ ಕೆಳಗೆ ಬಾವಿ, ಅದರ ಕೆಳಗೆ ತೋಟ. ಡಬ್ಬಿಗೆ ತುಂಬಿ ಶಿರಸಿಯಲ್ಲಿ ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಟ್ಟು ಬಂದೆ. ಭಾವನಿಗೆ ಈಗಲೂ ಬೇಜಾರಿದೆ.

ಘಟ್ಟದ ಜಗ್ಗು ಹೋಗಿದೆ. ಬೆಳಗಿನ ದಡಕ್ ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ. ಎರಡನೇ ಸಲ ಬದಲಿಸುವಷ್ಟರಲ್ಲಿ ಮಳೆ ಹಿಡಿಯಿತು. ಇನ್ನು ಚೌತಿ ಮುಗಿಯಬೇಕು. ಅಲ್ಲಿಯವರೆಗೆ ನಾಲ್ಕು ಲೀಟರು ಅಟ್ಟದ ಮೇಲಿದೆ. ಸಿರಿಂಜಲ್ಲಿ ಹೀರಿದ್ದನ್ನು ಒಂದು ಬಾಟಲಿಗೆ ಹಾಕಿ ಕಪಾಟಿನಲ್ಲಿಟ್ಟಿದ್ದೆ. ಮೊನ್ನೆ ನೋಡಿದರೆ ಆಯಿ ಅದಕ್ಕೊಂದು ಚೀಟಿ ಅಂಟಿಸಿದ್ದಾಳೆ: "ಮುರುಗಲು ಅಲ್ಲ, ಕಾರಿಂದು."