ಹೆಬ್ಬೆರಳಿನ ಜೋಮು

2017ರ ಬೇಸಿಗೆಯಲ್ಲಿ, ಹರಿಹರದ ಕಡೆಯ ಒಂದು ಊರಿನ ಜಾತ್ರೆಯ ಜಂಗಿ ಕುಸ್ತಿಯಲ್ಲಿ ನನ್ನ ಕುತ್ತಿಗೆ ಮುರಿಯಿತೆಂದು ನಮ್ಮ ಓಣಿಯವರು ಇಂದಿಗೂ ಹೇಳುತ್ತಾರೆ. ನಿಜಕ್ಕೂ ಮೂಳೆ ಮುರಿದಿರಲಿಲ್ಲ. ಕುತ್ತಿಗೆಯ ಏಳು ಮೂಳೆಗಳಲ್ಲಿ ಐದನೆಯ ಮತ್ತು ಆರನೆಯ ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಹಿಂದಕ್ಕೆ ಜಾರಿ ಬೆನ್ನುಹುರಿಯನ್ನು ಒತ್ತಿತ್ತು. ಆಗ ನನಗೆ ಇಪ್ಪತ್ತೊಂದು ವರ್ಷ, ತೂಕ 74 ಕಿಲೋ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುರ್ಗಾಂಬಿಕಾ ದೇವಿ ಜಾತ್ರೆ ಮರುವರ್ಷವೇ ಬರುವುದಿತ್ತು, ಅದರ ಕುಸ್ತಿ ಕಣದಲ್ಲಿ ದೊಡ್ಡ ಜೋಡಿಯಾಗಿ ಇಳಿಯಬೇಕೆಂಬುದೊಂದೇ ನನ್ನ ತಲೆಯಲ್ಲಿತ್ತು.

ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದರು. ಕಾದ ಮರಳಿನಲ್ಲಿ ಅಕ್ಕಿ ಅರಳುವ ಆ ಹೊಗೆಯಲ್ಲಿ ಹಗಲೆಲ್ಲ ನಿಂತು ದುಡಿದ ಕೂಲಿಯಲ್ಲಿ ಒಂದು ಪಾಲು ನನ್ನ ಬಾದಾಮಿಗೆ, ತುಪ್ಪಕ್ಕೆ ಹೋಗುತ್ತಿತ್ತು. ನಾನು ನಸುಕಿನಲ್ಲಿ ಗರಡಿಗೆ ಹೊರಡುವ ಹೊತ್ತಿಗೆ ಅವ್ವ ನೆನೆಸಿದ ಬಾದಾಮಿಯನ್ನು ಗಸಗಸೆಯ ಜೊತೆ ಒರಳಿನಲ್ಲಿ ರುಬ್ಬುತ್ತಿದ್ದಳು. ನಾನು ಎದ್ದೇಳುತ್ತಿದ್ದುದು ಆ ಗುಂಡುಕಲ್ಲಿನ ಸದ್ದಿಗೆ.

ಈ ಘಟನೆ ಒಂದೇ ದಿನದ್ದೆಂದು ನಾನು ಬಹಳ ಕಾಲ ಅಂದುಕೊಂಡಿದ್ದೆ, ಅದು ಸುಳ್ಳು. ಬೀಳುವುದಕ್ಕೆ ನಾಲ್ಕು ತಿಂಗಳ ಮೊದಲಿನಿಂದಲೇ ಸಾಮು ಮುಗಿದ ಮೇಲೆ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿಗೆ ಜೋಮು ಹಿಡಿಯುತ್ತಿತ್ತು. ಒಮ್ಮೊಮ್ಮೆ ಅಂಗಿಯ ಗುಂಡಿ ಹಾಕಿಕೊಳ್ಳಲು ಎಡಗೈಯನ್ನೇ ನೆಚ್ಚಬೇಕಾಗುತ್ತಿತ್ತು. ಕುತ್ತಿಗೆಯ ಆರನೆಯ ನರ ಆ ಎರಡು ಬೆರಳುಗಳವರೆಗೆ ಹೋಗುತ್ತದೆ, ಅದರ ಮೇಲೆ ಒತ್ತಡ ಬಿದ್ದರೆ ಸುದ್ದಿ ಮೊದಲು ಮುಟ್ಟುವುದು ಅಲ್ಲಿಗೆ ಎಂಬುದನ್ನು ಆಮೇಲೆ ಡಾಕ್ಟರು ತಿಳಿಸಿದರು. ನಾನು ಗರಡಿಯ ಗುರುಗಳಾದ ವಸ್ತಾದರಿಗೆ ಹೇಳಲಿಲ್ಲ. ಅವರು ಬೈಯುತ್ತಿದ್ದರೆಂದಲ್ಲ, ಗರಡಿಯಲ್ಲಿ ನೋವು ಹೇಳಿಕೊಂಡವನನ್ನು ಜೊತೆಯ ಹುಡುಗರು ಎಷ್ಟು ದಿನ ಆಡಿಕೊಳ್ಳುತ್ತಾರೆಂಬುದು ನನಗೆ ಗೊತ್ತಿತ್ತು, ಏಕೆಂದರೆ ಹಾಗೆ ಆಡಿಕೊಂಡವರಲ್ಲಿ ನಾನೂ ಒಬ್ಬ.

ಆ ದಿನದ ಕುಸ್ತಿ ಏಳೆಂಟು ನಿಮಿಷ ನಡೆದಿರಬೇಕು. ಎದುರಾಳಿಯ ಎರಡೂ ಕಾಲುಗಳಿಗೆ ಕೈಹಾಕಲು ನಾನು ತಲೆ ತಗ್ಗಿಸಿ ನುಗ್ಗಿದೆ, ಅವನು ಕಾಲುಗಳನ್ನು ಹಿಂದಕ್ಕೆ ಎಸೆದು ಪೂರಾ ಭಾರವನ್ನು ನನ್ನ ಮೇಲೆ ಬಿಟ್ಟ. ಅದು ಸರಿಯಾದ ಪಟ್ಟೇ, ಅವನದು ಏನೂ ತಪ್ಪಿಲ್ಲ. ತಲೆ ಮುಂದಕ್ಕೆ ಬಾಗಿದಾಗ ಕುತ್ತಿಗೆಯ ಸಹಜವಾದ ಬಾಗು ಹೋಗಿ ಅದು ನೆಟ್ಟನೆಯ ಕೋಲಿನಂತಾಗುತ್ತದೆ. ಆಗ ನೆತ್ತಿಯ ಮೇಲೆ ಬಿದ್ದ ಹೊಡೆತವನ್ನು ಸ್ನಾಯುಗಳು ಹೀರಿಕೊಳ್ಳಲಾರವು, ನೇರವಾಗಿ ಮೂಳೆ ಮತ್ತು ಡಿಸ್ಕ್‌ಗಳೇ ಹೊರಬೇಕಾಗುತ್ತದೆ. ನನ್ನ ನೆತ್ತಿ ಮಣ್ಣಿಗೆ ತಾಗಿತು. ಎರಡೂ ತೋಳುಗಳಲ್ಲಿ ಮೆಣಸಿನಪುಡಿ ಸವರಿದಂಥ ಉರಿ ಹರಿದು ಬೆರಳ ತುದಿಯಲ್ಲಿ ನಿಂತಿತು. ಬಾಯಿಗೆ ಬಂದ ಕೆಮ್ಮಣ್ಣಿನಲ್ಲಿ ಎಣ್ಣೆಯ, ಅರಿಸಿನದ ರುಚಿಯಿತ್ತು, ಅದನ್ನು ಉಗುಳಬೇಕೆಂದರೂ ಕೈಯೂರಿ ಏಳಲಾಗಲಿಲ್ಲ.

ಆಮೇಲಿನ ಅರ್ಧ ಗಂಟೆಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಣದ ಬಳಿ ಆಂಬುಲೆನ್ಸ್ ಇರಲಿಲ್ಲ. ಒಬ್ಬರು ಮುಖಕ್ಕೆ ನೀರು ಎರಚಿದರು, ಇನ್ನೊಬ್ಬರು ನರ ಹಿಡಿದಿದೆಯೆಂದು ನನ್ನ ಗದ್ದಕ್ಕೆ ಕೈಹಾಕಿ ನೆಟಿಗೆ ತೆಗೆಯಲು ಹೊರಟರು. ನಮ್ಮ ವಸ್ತಾದರು ಆ ಕೈಯನ್ನು ಹೊಡೆದು ಸರಿಸದಿದ್ದರೆ ಈ ಬರಹವನ್ನು ನಾನೇ ಕೂತು ಬರೆಯುತ್ತಿದ್ದೆನೋ ಇಲ್ಲವೋ. ಕುತ್ತಿಗೆಗೆ ಪೆಟ್ಟಾದವನನ್ನು ತಲೆ, ಹೆಗಲು, ಸೊಂಟ ಒಂದೇ ಸಾಲಿನಲ್ಲಿರುವಂತೆ ಹಿಡಿದು ಹಲಗೆಯ ಮೇಲೆ ಸಾಗಿಸಬೇಕು. ನನ್ನನ್ನು ಮಾತ್ರ ತೋಳು, ಕಾಲು ಹಿಡಿದೆತ್ತಿ ಗೂಡ್ಸ್ ಟೆಂಪೊದಲ್ಲಿ ಮಲಗಿಸಿ ದಾವಣಗೆರೆಗೆ ತಂದರು. ಪ್ರೀತಿಯಿಂದಲೇ ತಂದರು, ಅದನ್ನು ಅಲ್ಲಗಳೆಯುವುದಿಲ್ಲ.

ಕುತ್ತಿಗೆಯ ಮುಂಭಾಗದಿಂದ ಶಸ್ತ್ರಚಿಕಿತ್ಸೆ ಮಾಡಿ ಕೆಟ್ಟ ಡಿಸ್ಕ್ ತೆಗೆದು, ಎರಡು ಮೂಳೆಗಳನ್ನು ಪ್ಲೇಟು, ಸ್ಕ್ರೂ ಹಾಕಿ ಕೂಡಿಸಿದರು. ಕೈಗೆ ಬಲ ನಿಧಾನವಾಗಿ ಮರಳಿತು. ಯಾವಾಗ ಕಣಕ್ಕೆ ಇಳಿಯಬಹುದೆಂದು ಕೇಳಿದಾಗ ಡಾಕ್ಟರು, ಕೂಡಿಕೊಂಡ ಮೂಳೆಗಳು ಇನ್ನು ಬಾಗುವುದಿಲ್ಲ, ಅವುಗಳ ಪಾಲಿನ ಭಾರ ಮೇಲಿನ ಮತ್ತು ಕೆಳಗಿನ ಡಿಸ್ಕ್‌ಗಳಿಗೆ ಬೀಳುತ್ತದೆ, ಆದ್ದರಿಂದ ಕುಸ್ತಿ ಮುಗಿಯಿತೆಂದು ತಿಳಿ ಎಂದು ತಣ್ಣಗೆ ಹೇಳಿದರು. ಅಪ್ಪ ಕೈಮುಗಿದರು. ಮನೆಗೆ ಬಂದ ಮರುದಿನ ನಸುಕಿನಲ್ಲಿ ಎಂದಿನ ಹೊತ್ತಿಗೇ ಎಚ್ಚರವಾಯಿತು, ಒರಳಿನ ಸದ್ದಿರಲಿಲ್ಲ.

ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೊಥೆರಪಿಸ್ಟ್ ಒಮ್ಮೆ ರಗ್ಬಿಯ ವಿಷಯ ತೆಗೆದರು. ಅಲ್ಲಿ ಎಂಟೆಂಟು ಜನ ತಲೆ ತಗ್ಗಿಸಿ ಎದುರುಬದುರಾಗಿ ಒತ್ತುವ ಸ್ಕ್ರಮ್ ಎಂಬುದಿದೆ. ಡಿಕ್ಕಿಯ ರಭಸ ಕುತ್ತಿಗೆಯ ಮೇಲೆ ಬೀಳುತ್ತದೆಂದು 2013ರಲ್ಲಿ ಅದರ ಕ್ರಮವನ್ನೇ ಬದಲಿಸಿ, ಮುಂಸಾಲಿನವರು ಮೊದಲು ಒಬ್ಬರನ್ನೊಬ್ಬರು ಹಿಡಿದುಕೊಂಡು ಆಮೇಲೆ ಒತ್ತಬೇಕೆಂದು ಮಾಡಿದರಂತೆ. ಮ್ಯಾಟ್ ಕುಸ್ತಿಯಲ್ಲಿಯೂ ಅಪಾಯದ ಹಿಡಿತ ಕಂಡರೆ ರೆಫರಿ ತಡೆಯುತ್ತಾರೆ. ನಮ್ಮ ಜಾತ್ರೆಯ ಕಣದಲ್ಲಿ ಹಲಗೆ ವಾದ್ಯದ ಸದ್ದಿಗೆ ಸೀಟಿಯೇ ಕೇಳಿಸುವುದಿಲ್ಲ.

2018ರ ದುರ್ಗಾಂಬಿಕಾ ಜಾತ್ರೆಯ ಕುಸ್ತಿಗೆ ನಾನು ಹೋಗಲಿಲ್ಲ. 2020ರಲ್ಲಿ ಹೋದೆ. ಈಗ ಮಂಡಕ್ಕಿ ಸಗಟು ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಗರಡಿಯಲ್ಲಿ ಕೂರುತ್ತೇನೆ. ಯಾರಾದರೂ ಕರೆದರೆ ಕುತ್ತಿಗೆಯ ಬದಲು ಇಡೀ ಮೈಯನ್ನೇ ತಿರುಗಿಸಬೇಕು. ಹುಡುಗರು ಇದನ್ನು ಪೈಲ್ವಾನರ ಗತ್ತು ಎಂದುಕೊಂಡಿದ್ದಾರೆ, ನಾನೂ ತಿದ್ದಲು ಹೋಗಿಲ್ಲ.

ಕಳೆದ ತಿಂಗಳು ಒಬ್ಬ ಹುಡುಗ ಸಾಮು ಮುಗಿಸಿ ಎಡಗೈಯೊಂದರಲ್ಲೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದುದು ಕಣ್ಣಿಗೆ ಬಿತ್ತು. “ಬಲಗೈಗೆ ಏನಾಗೇತೋ?” ಎಂದೆ. “ಏನಿಲ್ಲಣ್ಣ, ರೂಢಿ” ಎಂದು ನಕ್ಕ. ಅವನನ್ನು ಆಗಲೇ ಬೈಕಿನ ಹಿಂದೆ ಕೂರಿಸಿಕೊಂಡು ವಸ್ತಾದರ ಮನೆಗೆ ಹೊರಟೆ. ದಾರಿಯುದ್ದಕ್ಕೂ ಅವನು ನನ್ನೊಡನೆ ಮಾತಾಡಲಿಲ್ಲ.