ಕಾಲು ತೆಗೆಯುವ ಮಾತು ಬಂದಾಗ ಮೊದಲು ಪಾದದ ನಾಡಿ ನೋಡಿಸಿ

ಶುಗರ್ ಇರುವವರ ಕಾಲಿನ ಗಾಯ ಮಾಯದಿದ್ದರೆ ಎಲ್ಲರೂ ಶುಗರ್ ಅನ್ನೇ ದೂರುತ್ತಾರೆ. ಆ ಬೆರಳಿಗೆ ರಕ್ತ ಹೋಗ್ತಾ ಇದೆಯಾ ಅಂತ ಕೇಳುವವರು ಕಡಿಮೆ.

ನಮ್ಮಪ್ಪ ದಾವಣಗೆರೆಯಲ್ಲಿ ಟೈಲರ್. ಚಪ್ಪಲಿ ಉಜ್ಜಿ ಎಡಗಾಲಿನ ಎರಡನೇ ಬೆರಳಿಗೆ ಸಣ್ಣ ಗಾಯ ಆಯಿತು. ವಾರಗಟ್ಟಲೆ ಡ್ರೆಸ್ಸಿಂಗ್ ನಡೆಯಿತು, ಆಂಟಿಬಯೋಟಿಕ್ ಬದಲಾಯಿತು, ಬೆರಳ ತುದಿ ಮಾತ್ರ ಕಪ್ಪಾಗುತ್ತಲೇ ಹೋಯಿತು. ರಾತ್ರಿ ಮಲಗಿದರೆ ಪಾದ ಉರಿ. ಮಂಚದಿಂದ ಕಾಲು ಇಳಿಬಿಟ್ಟು ಕೂತರೆ ಸ್ವಲ್ಪ ಹಾಯ್ ಅನ್ನುತ್ತಿದ್ದರು. ಕೊನೆಗೆ ಕ್ಲಿನಿಕ್‌ನಲ್ಲಿ, ಮೊಣಕಾಲ ಕೆಳಗೆ ತೆಗೆಯಬೇಕಾಗಬಹುದು ಅಂದರು. ಅಲ್ಲಿಯವರೆಗೆ ಒಬ್ಬರೂ ಪಾದದ ನಾಡಿ ಮುಟ್ಟಿರಲಿಲ್ಲ. ಅದು ನನಗೆ ಇವತ್ತಿಗೂ ಸಿಟ್ಟು.

ಬೆಂಗಳೂರಿನಲ್ಲಿ ರಕ್ತನಾಳದ ಸರ್ಜನ್‌ಗೆ ತೋರಿಸಿದೆವು. ಕಾಲು ಇಳಿಬಿಟ್ಟರೆ ಹಾಯ್ ಅನಿಸುತ್ತೆ ಅಂದ ಕೂಡಲೇ ಅವರಿಗೆ ಅರ್ಥವಾಯಿತು. ರಕ್ತ ತನ್ನ ಭಾರಕ್ಕೆ ಒಂಚೂರು ಕೆಳಗಿಳಿಯುತ್ತದೆ, ಅದಕ್ಕೇ ಉರಿ ತಗ್ಗುತ್ತದೆ. ಪಾದದ ಮೇಲ್ಭಾಗ, ಒಳಗಿನ ಕಾಲ್ಗಂಟಿನ ಹಿಂದೆ, ಎರಡೂ ಕಡೆ ಬೆರಳಿಟ್ಟು ನೋಡಿದರು. ನಾಡಿ ಸಿಗಲಿಲ್ಲ. ಜೆಲ್ ಹಚ್ಚಿ, ರಕ್ತದ ಹರಿವಿನ ಸದ್ದು ಕೇಳಿಸುವ ಪೆನ್ನಿನಂಥ ಡಾಪ್ಲರ್ ಇಟ್ಟಾಗ ಕ್ಷೀಣವಾಗಿ ಶ್ಶೂ ಅಂತ ಸದ್ದು ಬಂತು, ಅಷ್ಟೆ.

ಆಮೇಲೆ ಕಾಲ್ಗಂಟಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದರು. ಆರೋಗ್ಯವಂತರಲ್ಲಿ ಅದು 1ರ ಆಸುಪಾಸು ಇರುತ್ತದೆ, 0.9ಕ್ಕಿಂತ ಕಡಿಮೆ ಆದರೆ ಅಡ್ಡಿ ಇದೆ ಅಂತ. ಅಪ್ಪನದು 1.4 ದಾಟಿತ್ತು! ಚಿಕ್ಕಪ್ಪನಿಗೆ ಖುಷಿಯೋ ಖುಷಿ. ಆದರೆ ಡಾಕ್ಟರ್ ತಲೆಯಾಡಿಸಿದರು. ಎಷ್ಟೋ ವರ್ಷದ ಶುಗರ್‌ನಿಂದ ನಾಳದ ಗೋಡೆಗೆ ಕ್ಯಾಲ್ಸಿಯಂ ಕೂತು ಗಟ್ಟಿಯಾದರೆ ಪಟ್ಟಿ ಬಿಗಿದರೂ ಅದು ಅಮುಕುವುದಿಲ್ಲ, ಸಂಖ್ಯೆ ಸುಮ್ನೆ ಏರುತ್ತದೆ. ಅಂಥವರಿಗೆ ಕಾಲ್ಬೆರಳಿನ ಒತ್ತಡ ಅಳೆಯಬೇಕು. ಅದು ತೀರಾ ಕಡಿಮೆ ಇತ್ತು.

ಮೊಣಕಾಲ ಕೆಳಗೆ ಮುಖ್ಯವಾಗಿ ಮೂರು ರಕ್ತನಾಳ. ಒಂದೊಂದೂ ಎರಡು ಮೂರು ಮಿಲಿಮೀಟರ್ ದಪ್ಪ ಇದ್ದರೆ ಹೆಚ್ಚು. ಅಪ್ಪನಿಗೆ ಎರಡು ಪೂರ್ತಿ ಮುಚ್ಚಿದ್ದವು. ಬಲೂನಿನಿಂದ ಅವನ್ನು ತೆರೆದ ದಿನ ತೊಡೆಸಂದಿನಲ್ಲಿ ಮಾತ್ರ ಮರಗಟ್ಟಿಸಿದರು, ಅಪ್ಪ ಎಚ್ಚರವಾಗಿಯೇ ಇದ್ದರು. ಸೂಜಿ ಚುಚ್ಚಿ, ಕೂದಲಿನಂಥ ವೈರನ್ನು ಅಡ್ಡಿಯೊಳಗಿಂದ ಪಾದದವರೆಗೂ ಹಾಯಿಸಿ, ಅದರ ಮೇಲೆ ಉದ್ದನೆಯ ಸಣ್ಣ ಬಲೂನು ಇಳಿಸಿ ನಿಮಿಷಗಟ್ಟಲೆ ಉಬ್ಬಿಸಿಟ್ಟರು. ಮೇಲಿನಿಂದ ವೈರ್ ಹೋಗದಿದ್ದರೆ ಪಾದದ ಕಡೆಯಿಂದಲೂ ಚುಚ್ಚುತ್ತಾರಂತೆ. ನಾಳ ಎಕ್ಸ್-ರೇಯಲ್ಲಿ ಕಾಣಲಿ ಅಂತ ಬಿಡುವ ಡೈ ಕಿಡ್ನಿಗೆ ಹೊರೆ, ಹಾಗಾಗಿ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮೊದಲೇ ನೋಡಿದ್ದರು.

ಬಲೂನಿಗೆ ಮೊದಲಿನ ಎಕ್ಸ್-ರೇ ಚಿತ್ರದಲ್ಲಿ ಡೈಯ ಕಪ್ಪು ಗೆರೆ ಮೀನಖಂಡದ ನಡುವೆಯೇ ನಿಂತುಹೋಗಿತ್ತು. ನಂತರದ್ದರಲ್ಲಿ ಅದೇ ಗೆರೆ ಪಾದಕ್ಕೆ ಇಳಿದು ಬೆರಳ ಬುಡದಲ್ಲಿ ಕವಲೊಡೆದಿತ್ತು. ನಾನು ಅದನ್ನು ಎಷ್ಟು ಹೊತ್ತು ನೋಡಿದೆನೋ!

ಈ ವಿದ್ಯೆ ಹುಟ್ಟಿದ್ದೂ ಇಂಥದೇ ಕಾಲಿನಿಂದ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಚಾರ್ಲ್ಸ್ ಡಾಟರ್ ಎಂಬ ರೇಡಿಯಾಲಜಿಸ್ಟ್, ಕಾಲು ತೆಗೆಸಿಕೊಳ್ಳಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ತೊಡೆಯ ರಕ್ತನಾಳವನ್ನು ಒಳಗಿಂದಲೇ ಅಗಲಿಸಿದರು. ಆಕೆ ಬದುಕಿರುವವರೆಗೂ ತನ್ನ ಕಾಲ ಮೇಲೇ ನಡೆದರು. ಹೃದಯದ ಬಲೂನು ಬಂದದ್ದು ಅದಾಗಿ 13 ವರ್ಷಕ್ಕೆ.

ಅಪ್ಪನ ಕಪ್ಪಾದ ಬೆರಳು ಉಳಿಯಲಿಲ್ಲ, ತೆಗೆಯಲೇಬೇಕಾಯಿತು. ಆದರೆ ಆ ಗಾಯ ಈಗ ಪೂರ್ತಿ ಮಾಯ್ದಿದೆ. ಮೊಣಕಾಲ ಕೆಳಗಿನ ನಾಳಗಳು ಕೆಲವೇ ತಿಂಗಳಲ್ಲಿ ಮತ್ತೆ ಕಿರಿದಾಗುವುದು ಜಾಸ್ತಿ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಹಾಗಾದರೆ ಇದೆಲ್ಲ ಯಾಕೆ ಅಂತ ಚಿಕ್ಕಪ್ಪ ಕೇಳಿದರು. ಗಾಯ ಮಾಯಲು ತುಂಬಾ ರಕ್ತ ಬೇಕು, ಮಾಯ್ದ ಚರ್ಮ ಉಳಿಯಲು ಅಷ್ಟು ಬೇಡ. ಅಷ್ಟು ತಿಂಗಳು ಹರಿದರೂ ಎಷ್ಟೋ ಕಾಲು ಉಳಿಯುತ್ತವೆ ಅಂದರು. ನನಗೆ ಇದು ಬಹಳ ಸರಿ ಅನಿಸಿತು. ಎಲ್ಲರಿಗೂ ಬಲೂನೇ ಸರಿಹೋಗುವುದಿಲ್ಲ, ಕೆಲವರಿಗೆ ಅಡ್ಡಿಯನ್ನು ಬಳಸಿಕೊಂಡು ರಕ್ತಕ್ಕೆ ಬೇರೆ ದಾರಿ ಮಾಡುವ ಬೈಪಾಸ್ ಬೇಕಾಗುತ್ತದೆ. ಬೀಡಿ ಸೇದುತ್ತಲೇ ಇದ್ದರೆ ಎರಡೂ ಬೇಗ ಕೆಡುತ್ತವೆ.

ನಿಮ್ಮ ಮನೆಯ ಹಿರಿಯರ ಕಾಲಲ್ಲಿ ಎರಡು ವಾರಕ್ಕೂ ಮಾಯದ ಗಾಯ ಇದ್ದರೆ, ಡಾಪ್ಲರ್ ಮಾಡಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಬೆರಳು ಕಪ್ಪಾಗಿ ಜ್ವರ ಬಂದಿದ್ದರೆ ಅಥವಾ ವಾಸನೆ ಬರುತ್ತಿದ್ದರೆ ನಾಳೆಗೆ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.